ಎರಡು ತಿಂಗಳ ಬಾರ್ನ್‌ಬೀದ್ರಾಗ್, ಒಂದು ರಿಮೋಟ್ ಕಾರು

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ನಾಲ್ಕು ವರ್ಷದಿಂದ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಹಿಸಿಂಗೆನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ, ಮೂರನೇ ಮಹಡಿ. ಫೆಬ್ರವರಿಯ ಸ್ಪೋರ್ಟ್‌ಲೋವ್ ರಜೆಯಲ್ಲಿ ಮಗನಿಗೆ ಒಂಬತ್ತು ತುಂಬುತ್ತೆ. ರಿಮೋಟ್ ಕಾರು ಬೇಕು ಅಂತ ಆರು ತಿಂಗಳಿಂದ ಒಂದೇ ಹಟ. ಹೋದ ವರ್ಷ ಒಂದು ಕೊಡಿಸಿದ್ದೆವು, ಹನ್ನೊಂದನೇ ದಿನಕ್ಕೆ ಕೆಟ್ಟು ಕೂತಿತು. ಈಗಲೂ ಬಾಲ್ಕನಿಯ ಡಬ್ಬದಲ್ಲಿ ಬಿದ್ದಿದೆ. ಅವನ ಕ್ಲಾಸಿನ ಹುಡುಗನ ಹತ್ತಿರ ಗಂಟೆಗೆ 60 ಕಿಲೋಮೀಟರ್ ಓಡೋ ಕಾರು ಇದೆಯಂತೆ, ಇವನಿಗೂ ಅದೇ ಬೇಕು. ನಮ್ಮ ಯಜಮಾನರು ಎಂಜಿನಿಯರು. "ತಗೊಂಡ್ರೆ ಬ್ರಷ್‌ಲೆಸ್ಸೇ ತಗೋಬೇಕು" ಅಂತಾರೆ. ಊರಿಂದ ಮಾವನವರು ಫೋನ್ ಮಾಡಿ, "ಬೆಂಗಳೂರಿನ ಎಸ್.ಪಿ. ರೋಡಲ್ಲಿ ಕಾಲು ಭಾಗದ ರೇಟಿಗೆ ಸಿಗುತ್ತೆ, ಏಪ್ರಿಲ್‌ನಲ್ಲಿ ಬರುವಾಗ ನಾನೇ ತರ್ತೀನಿ" ಅಂತಿದ್ದಾರೆ. ನಾನು ಎತ್ತಿಟ್ಟಿರೋದು 2,500 ಕ್ರೋನ, ಸರ್ಕಾರ ಮಗುವಿಗೆ ಕೊಡೋ ಎರಡು ತಿಂಗಳ ಬಾರ್ನ್‌ಬೀದ್ರಾಗ್. ಅದಕ್ಕಿಂತ ಒಂದು ಕ್ರೋನ ಹೆಚ್ಚು ಹಾಕಲಾರೆ. ಜೊತೆಗೆ ಈ ಬ್ಯಾಟರಿಗಳು ಬೆಂಕಿ ಹತ್ತಿಕೊಳ್ಳುವ ವಿಡಿಯೊ ನೋಡಿದ ಮೇಲೆ ರಾತ್ರಿ ನಿದ್ದೆ ಬರ್ತಿಲ್ಲ, ಮನೆಯೆಲ್ಲ ಮರದ ನೆಲ. ಏನು ತಗೊಳ್ಳಲಿ? ಅಥವಾ ಬೇಡವೇ ಬೇಡ ಅಂದುಬಿಡಲಾ?
— ಒಬ್ಬ ತಾಯಿ, ಗೋಥೆನ್‌ಬರ್ಗ್

ಉತ್ತರ: ತಂಗಿ, ನಿಮ್ಮ ಮನೆಯಲ್ಲಿ ಮೂರು ಜನ ಮೂರು ಕಾರು ಕೇಳುತ್ತಿದ್ದಾರೆ. ಮಗನಿಗೆ ಗೆಳೆಯನ ಹತ್ತಿರ ಇರುವ ಕಾರು ಬೇಕು. ಯಜಮಾನರಿಗೆ ಚಿಕ್ಕಂದಿನಲ್ಲಿ ಸಿಗದೇ ಹೋದ ಕಾರು ಬೇಕು. ಮಾವನವರಿಗೆ, ಮೊಮ್ಮಗನ ಕೈಗೆ ತಾವೇ ಇಟ್ಟೆ ಅನ್ನಿಸುವ ಕಾರು ಬೇಕು. ದುಡ್ಡಿರುವುದು ಮಾತ್ರ ಒಂದೇ ಕಾರಿಗೆ. ಬೇಡ ಅನ್ನಬೇಡಿ, ಕೊಡಿಸಿ. ಆದರೆ ಈ ಮೂರರಲ್ಲಿ ಒಂದನ್ನೂ ಕೊಡಿಸಬೇಡಿ.

ಮೊದಲು ಬಾಲ್ಕನಿಯಲ್ಲಿರುವ ಕಾರಿನ ಮಾತು. ಅದು ಕೆಟ್ಟದ್ದು ಮಗನ ತಪ್ಪಲ್ಲ, ನೀವು ಬೈದಿದ್ದರೆ ಇವತ್ತು ಸಂಜೆ ಹೋಗಿ ಸಮಾಧಾನ ಮಾಡಿ. ಆಟಿಕೆ ಅಂಗಡಿಯ ಕಾರುಗಳಲ್ಲಿ ಸಾಮಾನ್ಯವಾಗಿ ರಿಸೀವರ್, ಮೋಟಾರಿನ ನಿಯಂತ್ರಣ ಎಲ್ಲವೂ ಅಂಗೈಯಗಲದ ಒಂದೇ ಬೋರ್ಡಿನ ಮೇಲಿರುತ್ತವೆ. ಒಂದು ಹೋದರೆ ಎಲ್ಲ ಹೋಯಿತು. ಮುಂದಿನ ಚಕ್ರದ ತೋಳು ಮುರಿದರೆ ಅದೊಂದನ್ನೇ ಮಾರುವವರು ಭೂಮಿಯ ಮೇಲಿಲ್ಲ. ಹವ್ಯಾಸಿಗಳ ಕಾರು ಬೇರೆ ಜಾತಿ. ಅದರಲ್ಲಿ ಮೋಟಾರು, ಸ್ಟಿಯರಿಂಗ್ ತಿರುಗಿಸುವ ಸರ್ವೋ, ರಿಸೀವರ್, ಸ್ಪೀಡ್ ಕಂಟ್ರೋಲರ್, ಗೇರುಗಳು ಬೇರೆ ಬೇರೆ, ಒಂದೊಂದೂ ಸ್ಕ್ರೂ ಬಿಚ್ಚಿ ಬದಲಾಯಿಸುವಂಥವು. ಕಾರು ಚೆನ್ನಾಗಿದೆಯೋ ಇಲ್ಲವೋ ಎಂದು ಅಂಗಡಿಯವನನ್ನು ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾನೆ. "ಈ ಕಾರಿನ ಮುಂದಿನ ಸಸ್ಪೆನ್ಷನ್ ತೋಳು, ಸ್ಪರ್ ಗೇರು, ಸರ್ವೋ ಇವತ್ತು ಸ್ಟಾಕಿನಲ್ಲಿವೆಯಾ, ಎಷ್ಟು?" ಎಂದು ಕೇಳಿ. ಮೂರಕ್ಕೂ ಥಟ್ಟನೆ ರೇಟು ಹೇಳಿದರೆ ಕಾರು ನೋಡಿ. "ತರಿಸಿಕೊಡ್ತೀವಿ" ಅಂದರೆ ನಮಸ್ಕಾರ ಹೇಳಿ ಹೊರಗೆ ಬನ್ನಿ.

ಇನ್ನು 60 ಕಿಲೋಮೀಟರಿನ ವಿಷಯ. ಲೆಕ್ಕ ಹಾಕಿದರೆ ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಹೆಚ್ಚು. ನಿಮ್ಮ ವಠಾರದ ಅಂಗಳ ಮೂವತ್ತು ಮೀಟರಿದ್ದರೆ ಎರಡು ಸೆಕೆಂಡಿಗೆ ಮುಗಿಯಿತು. ಆಮೇಲೆ ಸೈಕಲ್ ಸ್ಟ್ಯಾಂಡು, ಕಸದ ಕೋಣೆಯ ಗೋಡೆ, ಇಲ್ಲವೇ ಪಕ್ಕದ ಮನೆಯ ಅಜ್ಜಿಯ ಕಾಲು. ಪೆಟ್ಟಿಗೆಯ ಮೇಲೆ ಬರೆದ ಆ ವೇಗ ಎಷ್ಟೋ ಸಲ ಪೆಟ್ಟಿಗೆಯೊಳಗಿನ ಬ್ಯಾಟರಿಯದ್ದಲ್ಲ. ಬೇರೆಯಾಗಿ ಕೊಳ್ಳಬೇಕಾದ ದೊಡ್ಡ ಬ್ಯಾಟರಿ ಹಾಕಿದರೆ ಮಾತ್ರ ಬರುವ ವೇಗ ಅದು, ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಹುಡುಗರಿಗೆ ದೊಡ್ಡಕ್ಷರ ಮಾತ್ರ ಕಾಣುತ್ತದೆ. ಯಜಮಾನರ ಬ್ರಷ್‌ಲೆಸ್ ಮೋಟಾರು ಒಳ್ಳೆಯದೇ, ಹೆಚ್ಚು ಬಾಳಿಕೆ, ಹೆಚ್ಚು ಶಕ್ತಿ. ಆ ಶಕ್ತಿಯೇ ಕಲಿಯುವವನ ಕೈಯಲ್ಲಿ ಗೇರು ತಿನ್ನುತ್ತದೆ, ತೋಳು ಮುರಿಯುತ್ತದೆ. ಮೊದಲನೆಯದಕ್ಕೆ ಹಳೇ ಕಾಲದ ಬ್ರಷ್ ಮೋಟಾರೇ ಸಾಕು.

ನನ್ನ ಸಲಹೆ ಕ್ರಾಲರ್. ಜೀಪಿನ ಆಕಾರ, ನಾಲ್ಕೂ ಚಕ್ರಕ್ಕೆ ಓಟ, ನಡಿಗೆಯ ವೇಗ, ಬಂಡೆ ಹತ್ತುವುದೇ ಕೆಲಸ. 1/24 ಅಥವಾ 1/18 ಅಳತೆಯದು. ಚಿಕ್ಕದು ಅಂಗೈ ಮೇಲೆ ಕೂರುತ್ತದೆ, ದೊಡ್ಡದಕ್ಕೆ ಎರಡು ಕೈ ಬೇಕು. "ನಡಿಗೆಯ ವೇಗವಾ?" ಎಂದು ಮಗ ಮುಖ ಸಿಂಡರಿಸುತ್ತಾನೆ, ಗೊತ್ತು. ಆದರೆ ನೀವಿರುವ ಊರನ್ನು ಒಮ್ಮೆ ನೋಡಿ. ಹಿಸಿಂಗೆನ್ ಎಂದರೆ ಕಲ್ಲು. ವಠಾರಗಳ ನಡುವೆಯೇ ಬೋಳು ಬಂಡೆ ಬೆನ್ನು ತೋರಿಸಿಕೊಂಡು ಮಲಗಿರುತ್ತದೆ. ಕೈಲ್ಲೆರ್ಸ್ ಪಾರ್ಕಿನ ರಾಮ್‌ಬೆರ್ಗೆಟ್ ಗುಡ್ಡವಂತೂ ಇಂಥ ಕಾರಿಗೆ ಹೇಳಿ ಮಾಡಿಸಿದ ಜಾಗ. ವೇಗದ ಕಾರಿಗೆ ಬೇಕಾದ ಖಾಲಿ ಮೈದಾನ ನಿಮಗೆ ಬಸ್ಸು ಹತ್ತಿ ಹೋದರೆ ಸಿಕ್ಕೀತು, ಬಂಡೆ ಮನೆ ಬಾಗಿಲಲ್ಲೇ ಇದೆ. ಇನ್ನೊಂದು, ಬೆಳಕು. ಡಿಸೆಂಬರಿನಲ್ಲಿ ಮೂರೂವರೆಗೆಲ್ಲ ಕತ್ತಲು. ಫೆಬ್ರವರಿಯಲ್ಲೂ ಸ್ಕೂಲು, ಅದರ ನಂತರದ ಫ್ರಿತೀಡ್ಸ್ ಆರೈಕೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ಸಂಜೆ. ಹೊರಗೆ ಮಾತ್ರ ಓಡುವ ಕಾರು ತಂದರೆ ವಾರದ ಐದು ದಿನ ಕಪಾಟಿನಲ್ಲೇ. ಪುಟ್ಟ ಕ್ರಾಲರ್ ಆದರೆ ಸೋಫಾ ದಿಂಬು, ಪುಸ್ತಕದ ಅಟ್ಟಿ, ನಿಮ್ಮ ಚಪಾತಿ ಮಣೆ, ಎಲ್ಲವೂ ಅದಕ್ಕೆ ಘಾಟಿಯೇ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುವುದೂ ಇಲ್ಲ.

ಹೋದ ಸಲ ಯುಗಾದಿಗೆ ನಾವು ನಾಲ್ಕಾರು ಮನೆಯವರು ಸೇರಿದ್ದಾಗ ಇಬ್ಬರು ಹುಡುಗರು ಕಾರು ತಂದಿದ್ದರು. ಒಬ್ಬನದು ಬಾಣದಂತೆ ಹೋಗುವ ಬಗ್ಗಿ. ಪಾರ್ಕಿಂಗ್ ಜಾಗದಲ್ಲಿ ಎಂಟೇ ನಿಮಿಷ, ಕರ್ಬ್ ಕಲ್ಲಿಗೆ ಬಡಿದು ಮುಂದಿನ ಚಕ್ರ ಅಡ್ಡಡ್ಡ ನಿಂತಿತು. ಇನ್ನೊಬ್ಬನದು ಕ್ರಾಲರ್. ಊಟಕ್ಕೆ ಕರೆಯುವವರೆಗೂ ಆರು ಮಕ್ಕಳು ಒಂದು ಬಂಡೆಯ ಸುತ್ತ ಮಂಡಿಯೂರಿ ಕೂತಿದ್ದರು. ಒಂದು ಬಿರುಕಿನಲ್ಲಿ ಹಿಂದಿನ ಚಕ್ರ ಸಿಕ್ಕಿಕೊಂಡಿತ್ತು, ಅದನ್ನು ಯಾವ ದಿಕ್ಕಿಗೆ ತಿರುಗಿಸಿ ಬಿಡಿಸಬೇಕು ಎಂಬ ಚರ್ಚೆ ಕನ್ನಡ, ಸ್ವೀಡಿಷ್ ಎರಡರಲ್ಲೂ ನಡೆದಿತ್ತು. ಮುರಿದ ಬಗ್ಗಿಯ ಹುಡುಗನೂ ಅಲ್ಲೇ ಇದ್ದ.

ಈಗ ನಿಮ್ಮ ನಿದ್ದೆ ಕೆಡಿಸಿದ ಬ್ಯಾಟರಿ. ಎರಡು ಬಗೆ ಇವೆ: ನಿಕಲ್ ಮೆಟಲ್ ಹೈಡ್ರೈಡ್, ಲಿಥಿಯಂ ಪಾಲಿಮರ್. ಅಂಗಡಿಯಲ್ಲಿ ನಿಮ್ಹ್ ಮತ್ತು ಲಿಪೋ ಅನ್ನುತ್ತಾರೆ. ನಿಮ್ಹ್ ಭಾರ, ಸ್ವಲ್ಪ ಮಂದ, ಆದರೆ ಒರಟು ಕೈಗೆ ತಡೆದುಕೊಳ್ಳುತ್ತದೆ. ಲಿಪೋ ಹಗುರ, ಚುರುಕು. ಚುಚ್ಚಿದರೆ, ಜಜ್ಜಿದರೆ, ಅತಿ ಚಾರ್ಜ್ ಮಾಡಿದರೆ, ತೀರಾ ಖಾಲಿ ಮಾಡಿ ಮತ್ತೆ ತುಂಬಿದರೆ ಅಪಾಯ. ನೀವು ನೋಡಿದ ವಿಡಿಯೊ ಸುಳ್ಳಿರಲಾರದು. ಆದರೆ ಅಳತೆ ನೋಡಿ ಹೆದರಬೇಕು. ಒಂದು 1/18 ಕ್ರಾಲರಿನಲ್ಲಿ 7.4 ವೋಲ್ಟಿನ 750 ಮಿಲಿ ಆಂಪಿಯರ್ ಅವರ್ ಲಿಪೋ ಇದೆ ಅನ್ನಿ. ಗುಣಿಸಿದರೆ ಐದೂವರೆ ವ್ಯಾಟ್ ಅವರ್. ನಿಮ್ಮ ದಿಂಬಿನ ಪಕ್ಕ ಚಾರ್ಜಿಗಿಟ್ಟು ಮಲಗುವ ಫೋನಿನಲ್ಲಿ ಅದರ ಎರಡೋ ಮೂರೋ ಪಟ್ಟು ಇರುತ್ತದೆ. ವೇಗದ ಕಾರಿನ, ಅದೇ ವೋಲ್ಟಿನ 5,000ದ ಲಿಪೋದಲ್ಲಿ 37 ವ್ಯಾಟ್ ಅವರ್. ಹಾಗೆಂದು ಚಿಕ್ಕದನ್ನು ಸಸಾರ ಮಾಡಬೇಡಿ. ಫೋನಿಗೆ ಗಟ್ಟಿ ಕವಚ, ಒಳಗೊಂದು ಕಾವಲು ಸರ್ಕೀಟು ಇರುತ್ತವೆ. ಕಾರಿನ ಲಿಪೋಗೆ ಸಾಮಾನ್ಯವಾಗಿ ಅವೆರಡೂ ಇರುವುದಿಲ್ಲ, ಕಾವಲು ನೀವೇ.

ಬ್ಯಾಟರಿಯ ಮೇಲೆ ಬರೆದ ಅಂಕಿಗಳಲ್ಲಿ ಎರಡು ಓದಲು ಬಂದರೆ ಸಾಕು. ವೋಲ್ಟ್ ಕಾರಿಗೆ ಹೊಂದಬೇಕು, ಅಷ್ಟೆ. 'ಎರಡು ಎಸ್' ಎಂದರೆ 3.7ರ ಎರಡು ಕೋಶ ಸೇರಿ 7.4, ಪೂರ್ತಿ ತುಂಬಿದಾಗ 8.4. ಕಾರಿನ ಕೈಪಿಡಿ ಎರಡು ಎಸ್ ಎಂದರೆ ಮೂರು ಎಸ್ ಹಾಕುವುದು ಬೇಡ, ಯಜಮಾನರು ಎಷ್ಟೇ ಕೇಳಿದರೂ. ಮಿಲಿ ಆಂಪಿಯರ್ ಅವರ್ ಎನ್ನುವುದು ಎಷ್ಟು ಹೊತ್ತು ಓಡುತ್ತದೆ ಎಂಬುದರ ಸೂಚನೆ. 3,000ದ ಬ್ಯಾಟರಿಯಿಂದ ಕಾರು ಸರಾಸರಿ 10 ಆಂಪಿಯರ್ ಎಳೆದರೆ ಹದಿನೆಂಟು ನಿಮಿಷ. ವೇಗದ ಕಾರು ಹೀಗೆ ಎಳೆಯುತ್ತದೆ. ಕ್ರಾಲರ್ ಎಳೆಯುವುದು ಅದರ ಸಣ್ಣ ಪಾಲು, ಆದ್ದರಿಂದಲೇ ಪುಟ್ಟ ಬ್ಯಾಟರಿಯಲ್ಲೂ ಅರ್ಧ ಗಂಟೆಯ ಆಸುಪಾಸು ಆಟ. ಮೂರನೆಯದು 'ಸಿ' ಎಂಬ ಅಂಕಿ. ಅದನ್ನು ದೊಡ್ಡದಾಗಿ ಅಚ್ಚು ಹಾಕುವುದಕ್ಕೆ ಖರ್ಚೇನೂ ಇಲ್ಲ, ಅದಕ್ಕೆ ಮರುಳಾಗಿ ಹೆಚ್ಚು ದುಡ್ಡು ಕೊಡಬೇಡಿ.

ಚಾರ್ಜರ್ ವಿಷಯದಲ್ಲಿ ಮಾತ್ರ ನಾನು ಜಿಪುಣನಲ್ಲ. ಕಾರು ಹಳೆಯದಾಗಲಿ, ಬ್ಯಾಟರಿ ಸಾಧಾರಣದ್ದಾಗಲಿ, ಚಾರ್ಜರ್ ಹೊಸದು, ಒಳ್ಳೆಯದು ಇರಬೇಕು. ನಾನೊಮ್ಮೆ ಆನ್‌ಲೈನ್ ಅಂಗಡಿಯೊಂದರಲ್ಲಿ ತೀರಾ ಅಗ್ಗಕ್ಕೆ ಸಿಕ್ಕಿತೆಂದು ಒಂದು ಚಾರ್ಜರ್ ತರಿಸಿದ್ದೆ. ಇಪ್ಪತ್ತು ನಿಮಿಷಕ್ಕೆ ಅಡುಗೆಮನೆಯಲ್ಲಿ ಸುಟ್ಟ ಬಳಪದಂಥ ವಾಸನೆ. ಪ್ಲಗ್ ಮುಟ್ಟಿದರೆ ದೋಸೆ ಕಾವಲಿ. ಪುಟ್ಟ ಕ್ರಾಲರಿನ ಪೆಟ್ಟಿಗೆಯಲ್ಲಿ ಬರುವ ಯುಎಸ್‌ಬಿ ಚಾರ್ಜರ್ ಆ ಪುಟ್ಟ ಬ್ಯಾಟರಿಗೆ ಸಾಕು. ನಿಧಾನ, ಆದರೆ ಅದಕ್ಕೆಂದೇ ಮಾಡಿದ್ದು. 1/10ರ ದೊಡ್ಡ ಕಾರು ತಂದಿರೋ, ಆಗ ಎರಡೂ ಬಗೆಯ ಬ್ಯಾಟರಿ ತುಂಬಬಲ್ಲ, ತುಂಬಿದೊಡನೆ ತಾನೇ ನಿಲ್ಲುವ ಬ್ಯಾಲೆನ್ಸ್ ಚಾರ್ಜರ್ ಬೇಕು. ಬ್ಯಾಲೆನ್ಸ್ ಎಂದರೆ ಲಿಪೋದ ಎರಡೂ ಕೋಶಗಳನ್ನು ಒಂದೇ ಮಟ್ಟಕ್ಕೆ ತರುವುದು. ಅದಕ್ಕೆಂದೇ ಬ್ಯಾಟರಿಯಿಂದ ದಪ್ಪ ತಂತಿಯ ಜೊತೆ ಬಿಳಿ ಕನೆಕ್ಟರಿನ ಸಣ್ಣ ತಂತಿಯೊಂದು ಹೊರಬಂದಿರುತ್ತದೆ, ಅದನ್ನೂ ಸಿಕ್ಕಿಸಬೇಕು. ಎಷ್ಟು ಆಂಪಿಯರಿನಲ್ಲಿ ತುಂಬಬೇಕು ಎಂಬುದಕ್ಕೆ ಬಾಯಿಲೆಕ್ಕ ಸಾಕು: 3,000 ಎಂದಿದ್ದರೆ 3 ಆಂಪಿಯರ್, 750 ಎಂದಿದ್ದರೆ ಮುಕ್ಕಾಲು. ಲಿಪೋ ಹಾಕಿ ಪರದೆಯ ಮೇಲೆ ನಿಮ್ಹ್ ಎಂದು ಆರಿಸಿದರೆ ದೊಡ್ಡ ಅನಾಹುತ. ಹಾಗಾಗಿ ಗುಂಡಿ ಒತ್ತುವುದು ದೊಡ್ಡವರ ಕೆಲಸ. ಹಾಗೆಯೇ ಕಾರಿನ ಸ್ಪೀಡ್ ಕಂಟ್ರೋಲರಿನಲ್ಲೂ ಯಾವ ಬ್ಯಾಟರಿ ಎಂದು ಹೇಳುವ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ತುಂಡು ಇರಬಹುದು, ಕೈಪಿಡಿ ನೋಡಿ ಸರಿ ಜಾಗಕ್ಕೆ ಸಿಕ್ಕಿಸಿ. ಇಲ್ಲದಿದ್ದರೆ ಲಿಪೋ ಪೂರ್ತಿ ಬತ್ತುವವರೆಗೂ ಕಾರು ಓಡುತ್ತಲೇ ಇರುತ್ತದೆ, ಬತ್ತಿದ ಲಿಪೋ ಮತ್ತೆ ಏಳುವುದಿಲ್ಲ.

ಮರದ ನೆಲಕ್ಕೆ ಉಪಾಯ ನಿಮ್ಮ ಅಡುಗೆಮನೆಯಲ್ಲೇ ಇದೆ. ಟೈಲ್ಸ್ ಅಥವಾ ಕಲ್ಲಿನ ಕಟ್ಟೆ, ಅದರ ಮೇಲೆ ಅಗಲವಾದ ಸ್ಟೀಲ್ ತಟ್ಟೆ, ಅದರಲ್ಲಿ ಬೆಂಕಿ ತಡೆಯುವ ಲಿಪೋ ಚೀಲ, ಚೀಲದೊಳಗೆ ಬ್ಯಾಟರಿ. ಒಲೆಯ ಮೇಲೆ ಬೇಡ. ಯಾರದೋ ಕೈ ತಾಗಿ ಒಲೆ ಹೊತ್ತಿಕೊಂಡರೆ ಕಥೆ ಮುಗಿಯಿತು. ಹೊರಬಾಗಿಲಿನ ಹಾದಿಯಲ್ಲೂ ಬೇಡ. ಬೆಂಕಿ ಹತ್ತಿದರೆ ಓಡಬೇಕಾದ ದಾರಿ ಅದೇ. ನೀವು ಅಡುಗೆ ಮಾಡುವಾಗ ಚಾರ್ಜಿಗಿಡಿ, ಮಲಗುವಾಗ ಬೇಡ, ಹೊರಗೆ ಹೋಗುವಾಗ ಬೇಡ. ಹೊಗೆ ಅಲಾರಮಿನ ಗುಂಡಿ ಒತ್ತಿ ಕಿರುಚುತ್ತದೆಯೇ ನೋಡಿ. ಬಂಡೆಯ ಮೇಲೆ ಚಳಿಯಲ್ಲಿ ಆಡಿ ಬಂದ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗಿದ್ದಾಗ ಲಿಥಿಯಂ ತುಂಬಿದರೆ ಒಳಗೇ ಹಾಳಾಗುತ್ತದೆ. ಮಗ ಕೈಕಾಲು ತೊಳೆದು ಊಟ ಮಾಡುವವರೆಗೂ ಅದೂ ಬೆಚ್ಚಗಾಗಲಿ.

ಇದೆಲ್ಲ ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನೊಂದು ಲಿಪೋವನ್ನು ಪೂರ್ತಿ ತುಂಬಿಸಿ, ನಾಳೆ ಆಡೋಣ ಎಂದು ಡ್ರಾಯರಿನಲ್ಲಿಟ್ಟು ಇಡೀ ಚಳಿಗಾಲ ಮರೆತಿದ್ದೆ. ಏಪ್ರಿಲ್‌ನಲ್ಲಿ ತೆಗೆದರೆ ಪೂರಿಯ ಹಾಗೆ ಉಬ್ಬಿ ಕೂತಿತ್ತು. ಲಿಪೋವನ್ನು ವಾರಗಟ್ಟಲೆ ಇಡುವುದಾದರೆ ಅರ್ಧಮರ್ಧ, ಕೋಶಕ್ಕೆ 3.8 ವೋಲ್ಟಿನ ಹತ್ತಿರ ಇಡಬೇಕು. ಉಬ್ಬಿದ್ದನ್ನು ಚಾರ್ಜ್ ಮಾಡಬಾರದು, ಚುಚ್ಚಿ ಗಾಳಿ ತೆಗೆಯುವ ಸಾಹಸವನ್ನಂತೂ ಮಾಡಲೇಬಾರದು.

ದುಡ್ಡಿನ ಲೆಕ್ಕಕ್ಕೆ ಬರೋಣ. ಹೊಸ ಕ್ರಾಲರ್, ಬ್ಯಾಟರಿ ಮತ್ತು ಚಾರ್ಜರ್ ಸೇರಿ 1,800ರ ಒಳಗೆ ಹುಡುಕಿ. ಇನ್ನೊಂದು ಬ್ಯಾಟರಿಗೆ, ಲಿಪೋ ಚೀಲಕ್ಕೆ 400. ಉಳಿದ 300 ಮುಟ್ಟಬೇಡಿ, ಅದು ಮೊದಲ ಮುರಿತಕ್ಕೆ. ಮುರಿತ ಬಂದೇ ಬರುತ್ತದೆ. ಮಗ ಕ್ರಾಲರ್ ಬೇಡವೇ ಬೇಡ ಅಂದರೆ ಬ್ಲಾಕೆಟ್ ಅಥವಾ ಟ್ರಾಡೇರಾ ಎಂಬ ಹಳೇ ಸಾಮಾನಿನ ಜಾಲತಾಣಗಳಲ್ಲಿ 1/10ರ ಬ್ರಷ್ ಮೋಟಾರಿನ ಹಳೇ ಟ್ರಕ್ ನೋಡಿ, 1,200 ದಾಟಬಾರದು. ಉಳಿದದ್ದು ಹೊಸ ಚಾರ್ಜರ್‌ಗೆ, ಹೊಸ ನಿಮ್ಹ್ ಬ್ಯಾಟರಿಗೆ. ಹೋಗಿ ಕಣ್ಣಾರೆ ನೋಡಿ. ಚಕ್ರವನ್ನು ಕೈಯಿಂದ ತಿರುಗಿಸಿದರೆ ಕರಕರ ಅನ್ನಬಾರದು, ಹಿಡಿದು ಅಲುಗಾಡಿಸಿದರೆ ಲೊಡಲೊಡ ಅನ್ನಬಾರದು, ಸ್ಟಿಯರಿಂಗ್ ಎರಡೂ ಕಡೆ ಸಮವಾಗಿ ತಿರುಗಬೇಕು. ಹಳೇ ಲಿಪೋ ಸುಮ್ಮನೆ ಕೊಟ್ಟರೂ ಬೇಡ. ಓಡಿಸಿ ನೋಡಿದ ಮೇಲೆ ಫೋನಿನಿಂದ ಸ್ವಿಶ್ ಮಾಡಿ ದುಡ್ಡು ಕೊಡಿ, ಮೊದಲು ಅಲ್ಲ. ಖಾಸಗಿಯವರಿಂದ ಕೊಂಡದ್ದಕ್ಕೆ ಅಂಗಡಿಯಲ್ಲಿ ಕೊಂಡಾಗಿನ ಗ್ರಾಹಕ ರಕ್ಷಣೆ ಸಿಗುವುದಿಲ್ಲ, ಅದಕ್ಕೇ ಇಷ್ಟು ಹೇಳಿದೆ.

ಮಾವನವರ ಮನಸ್ಸು ನೋಯಿಸಬೇಡಿ, ಆದರೆ ಎಸ್.ಪಿ. ರೋಡಿನ ಕಾರು ಬೇಡ. ಕರೆಂಟು ಎರಡೂ ಕಡೆ 230 ವೋಲ್ಟೇ. ಆದರೆ ನಮ್ಮ ಮೂರು ಕಡ್ಡಿಯ ಪ್ಲಗ್ ಇಲ್ಲಿನ ಗೋಡೆಗೆ ಹೊಂದುವುದಿಲ್ಲ, ಅಡಾಪ್ಟರ್ ಮೇಲೆ ಅಡಾಪ್ಟರ್ ಹಾಕಿ ಚಾರ್ಜ್ ಮಾಡುವುದು ನನಗೆ ಸುತರಾಂ ಇಷ್ಟವಿಲ್ಲ. ಕೆಟ್ಟರೆ ವಾಪಸ್ ಕೊಡಲು ಬೆಂಗಳೂರಿಗೆ ಹೋಗಬೇಕು. ಅವರಿಗೆ ಬೇರೆ ಕೆಲಸ ಕೊಡಿ: ಒಂದು ಒಳ್ಳೆಯ ಅಲೆನ್ ಕೀ ಮತ್ತು ಸ್ಕ್ರೂಡ್ರೈವರ್ ಸೆಟ್ಟು, 1.5ರಿಂದ 3 ಮಿಲಿಮೀಟರಿನವರೆಗೆ. ಕಾರಿಗಿಂತ ಹೆಚ್ಚು ಕಾಲ ಮೊಮ್ಮಗನ ಕೈಯಲ್ಲಿರುತ್ತದೆ. ಅದು ಸೂಟ್‌ಕೇಸಿನಲ್ಲಿ ಬರಲಿ, ಕೈಚೀಲದಲ್ಲಿಟ್ಟರೆ ಸೆಕ್ಯುರಿಟಿಯವರು ತೆಗೆದಿಟ್ಟುಕೊಂಡಾರು. ಬಿಡಿ ಲಿಥಿಯಂ ಬ್ಯಾಟರಿಗೆ ನಿಯಮ ತಿರುವುಮುರುವು, ಅದು ಕೈಚೀಲದಲ್ಲೇ ಬರಬೇಕು, ಸೂಟ್‌ಕೇಸಿನಲ್ಲಿ ನಿಷಿದ್ಧ. ಪೋಸ್ಟಿನಲ್ಲಿ ಕಳಿಸುವ ಯೋಚನೆಯನ್ನಂತೂ ಅವರ ತಲೆಯಿಂದ ತೆಗೆದುಬಿಡಿ.

ಯಜಮಾನರಿಗೂ ಒಂದು ಮಾತು. ಜಪಾನಿನ ತಮಿಯಾ ಕಂಪನಿ 1984ರಲ್ಲಿ ಗ್ರಾಸ್‌ಹಾಪರ್ ಎಂಬ ಬಗ್ಗಿ ತಂದಿತ್ತು, 2005ರಲ್ಲಿ ಮತ್ತೆ ಬಿಟ್ಟಿತು. ಬಿಡಿಭಾಗಗಳ ಪೆಟ್ಟಿಗೆ ಬರುತ್ತದೆ, ಕೂತು ಜೋಡಿಸಬೇಕು. ರೇಡಿಯೊ, ಬ್ಯಾಟರಿ, ಚಾರ್ಜರ್ ಎಲ್ಲ ಬೇರೆ ಕೊಳ್ಳಬೇಕಾದ್ದರಿಂದ ನಿಮ್ಮ 2,500ಕ್ಕೆ ಅದು ನಿಲುಕದು. ಅವರಿಗೆ ಬೇಕಿದ್ದರೆ ಅವರ ಸಂಬಳದಲ್ಲಿ ತಂದುಕೊಳ್ಳಲಿ, ಮಗ ಪಕ್ಕದಲ್ಲಿ ಕೂತು ಸ್ಕ್ರೂ ಎತ್ತಿಕೊಡುತ್ತಾನೆ. ವೇಗ ನೋಡುವ ಆಸೆಯಿದ್ದರೆ ಬೇಸಿಗೆಯ ಒಂದು ಭಾನುವಾರ ಮಗನನ್ನು ಕರೆದುಕೊಂಡು ಹತ್ತಿರದ ಕ್ಲಬ್ಬಿನ ಟ್ರ್ಯಾಕಿಗೆ ಹೋಗಿ. ಸ್ವೀಡನ್ನಿನ ಬಿಲ್‌ಸ್ಪೋರ್ಟ್ ಒಕ್ಕೂಟದಲ್ಲಿ ರಿಮೋಟ್ ಕಾರಿನ ಓಟವೂ ಒಂದು ವಿಭಾಗ. ಈ ದೇಶದ ಡೇವಿಡ್ ರೊನ್ನೆಫಾಲ್ಕ್ 2016ರಲ್ಲಿ ಲಾಸ್ ವೇಗಸ್‌ನಲ್ಲಿ 1/8 ಬಗ್ಗಿಯ ವಿಶ್ವ ಚಾಂಪಿಯನ್ ಆದವರು. ಟ್ರ್ಯಾಕಿನಲ್ಲಿ ಕಾರುಗಳಿಗಿಂತ ಅವುಗಳ ಹಿಂದಿನ ಮೇಜುಗಳನ್ನು ನೋಡಲು ಹೇಳಿ. ಓಟ ಐದು ನಿಮಿಷದ್ದಾದರೆ ಬಿಚ್ಚಿ ಕಟ್ಟುವುದು ಒಂದು ಗಂಟೆಯದ್ದು.

ಆನ್‌ಲೈನ್‌ನಲ್ಲಿ ತರಿಸಿದರೆ 14 ದಿನದೊಳಗೆ ಮನಸ್ಸು ಬದಲಾಯಿಸಬಹುದು. ಪೆಟ್ಟಿಗೆ ಹರಿದು ಎಸೆಯಬೇಡಿ. ಇಲ್ಲಿನ ಅಂಗಡಿಯಲ್ಲಿ ಕೊಂಡರೆ ತಯಾರಿಕೆಯ ದೋಷಕ್ಕೆ ಮೂರು ವರ್ಷ ದೂರು ಕೊಡುವ ಹಕ್ಕಿದೆ; ರಸೀದಿ (ಕ್ವಿಟ್ಟೊ) ಜೋಪಾನವಾಗಿರಲಿ. ಬಂಡೆಯಿಂದ ಬಿದ್ದು ಮುರಿದದ್ದು ದೋಷದ ಲೆಕ್ಕಕ್ಕೆ ಬಾರದು, ಅದಕ್ಕೆ ಆ 300 ಇದೆ.

ಕೊನೆಗೆ, ಬಾಲ್ಕನಿಯ ಡಬ್ಬದಲ್ಲಿರುವ ಹಳೇ ಕಾರು. ಅದರ ಹೊಟ್ಟೆಯೊಳಗೆ ಬ್ಯಾಟರಿ ಇನ್ನೂ ಇದೆ, ನೀವು ತೆಗೆದಿರುವುದಿಲ್ಲ. ಇವತ್ತೇ ತೆಗೆಯಿರಿ. ಕಸದ ಜೊತೆ ಹಾಕುವಂತಿಲ್ಲ. ಚೆನ್ನಾಗಿದ್ದರೆ ಬ್ಯಾಟರಿ ಸಂಗ್ರಹದ ಡಬ್ಬಕ್ಕೆ ಹಾಕಿ, ಉಬ್ಬಿದ್ದರೆ ಮರುಬಳಕೆ ಕೇಂದ್ರಕ್ಕೆ ಒಯ್ದು ಅಲ್ಲಿನ ಸಿಬ್ಬಂದಿಯ ಕೈಗೇ ಕೊಡಿ. ಉಳಿದ ಕಾರನ್ನು ಎಸೆಯಬೇಡಿ. ಹೊಸದು ಬರುವವರೆಗೆ ಒಂದು ಸ್ಕ್ರೂಡ್ರೈವರ್ ಕೊಟ್ಟು ಮಗನ ಮುಂದೆ ಇಡಿ.